ನಮ್ಮ ತಂಡಕ್ಕೆ ಬೇಕಾದ ಕೋಡ್ ತಾನೇ ಬರೆಯುವ ಎಕ್ಸ್‌ಟೆನ್ಷನ್ ಮಾಡೋದು ಹೇಗೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಸಣ್ಣ ತಂಡ. ಬ್ಯಾಡಗಿ ಮೆಣಸಿನಕಾಯಿ ದಲಾಲರಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ಹೊಸ ಫಾರ್ಮ್ ಬಂದಾಗಲೆಲ್ಲ ಮಾಡೆಲ್, ಕಂಟ್ರೋಲರ್, ಟೆಸ್ಟ್ ಅಂತ ಅವೇ ಮೂರು ಫೈಲು ಬರೆಯಬೇಕು. ನಾವು ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ಗೆ ನಮ್ಮದೇ ಎಕ್ಸ್‌ಟೆನ್ಷನ್ (ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಮಾಡಿಕೊಳ್ಳಬಹುದೇ?

ಖಂಡಿತ ಮಾಡಿಕೊಳ್ಳಬಹುದು. ಒಂದೇ ಫೈಲಿನಲ್ಲಿ ನಾಲ್ಕು ಸಾಲು ತುಂಬಿಸುವ ಕೆಲಸಕ್ಕಾದರೆ ಸ್ನಿಪೆಟ್ (ಮೊದಲೇ ಬರೆದಿಟ್ಟ ಕೋಡಿನ ತುಣುಕು) ಸಾಕಿತ್ತು. ಮೂರು ಫೈಲು ಒಟ್ಟಿಗೆ, ಹೆಸರು ಹೊಂದಿಸಿಕೊಂಡು ಬರಬೇಕೆಂದರೆ ಎಕ್ಸ್‌ಟೆನ್ಷನ್ನೇ ಬೇಕು.

ಶುರುವಾತು ಸುಲಭ. ನೋಡ್.ಜೆಎಸ್ (ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಹಾಕಿಕೊಂಡು, ಚೌಕಟ್ಟು ಮಾಡಿಕೊಡುವ ಯೋಮನ್‌ನ 'ಯೋ ಕೋಡ್' ಓಡಿಸಿದರೆ ಟೈಪ್‌ಸ್ಕ್ರಿಪ್ಟ್ ಚೌಕಟ್ಟು ಸಿದ್ಧ. ಎಕ್ಸ್‌ಟೆನ್ಷನ್ನಿನ ವಿವರವಿರುವ ಪ್ಯಾಕೇಜ್.ಜೇಸನ್ ಫೈಲಿನಲ್ಲಿ ನಿಮ್ಮ ಕಮಾಂಡ್ ಹೆಸರಿಸಿ, ಎಕ್ಸ್‌ಟೆನ್ಷನ್ ಶುರುವಾದಾಗ ಓಡುವ ಆ್ಯಕ್ಟಿವೇಟ್ ಫಂಕ್ಷನ್‌ನಲ್ಲಿ ಅದನ್ನು ನೋಂದಾಯಿಸಿ. ಎಫ್5 ಒತ್ತಿದರೆ ಇನ್ನೊಂದು ಕಿಟಕಿ ತೆರೆಯುತ್ತದೆ, ಪರೀಕ್ಷೆಯೆಲ್ಲ ಅಲ್ಲೇ.

ಟೆಂಪ್ಲೇಟನ್ನು (ಹೊಸ ಫೈಲುಗಳಿಗೆ ಅಚ್ಚಾಗುವ ಮಾದರಿಯನ್ನು) ಮಾತ್ರ ಊಹೆಯಿಂದ ಬರೆಯಬೇಡಿ. ನೀವು ಕೈಯಾರೆ ಬರೆದು, ದಲಾಲರ ಅಂಗಡಿಯಲ್ಲಿ ಓಡುತ್ತಿರುವ ಫಾರ್ಮೊಂದನ್ನು ತೆಗೆದುಕೊಳ್ಳಿ. ಲಾಟ್ ನೋಂದಣಿಯದ್ದೇ ಇರಲಿ. ಅದರಲ್ಲಿ ಬದಲಾಗುವ ಹೆಸರುಗಳ ಜಾಗ ಮಾತ್ರ ಖಾಲಿ ಬಿಡಿ. ಕಮಾಂಡ್ ಎರಡು ಪ್ರಶ್ನೆ ಕೇಳಲಿ: ಕೋಡಿನೊಳಗಿನ ಹೆಸರು ಒಂದು, ಪರದೆಯ ಮೇಲೆ ಕಾಣುವ ಕನ್ನಡ ಹೆಸರು ಇನ್ನೊಂದು. ಎರಡನ್ನೂ ಒಂದೇ ಪೆಟ್ಟಿಗೆಗೆ ತುರುಕಿದರೆ ಮುಂದೆ ಕ್ಲಾಸಿನ ಹೆಸರಿಗೂ ತೊಂದರೆ, ಫಾರ್ಮಿನ ಶೀರ್ಷಿಕೆಗೂ ತೊಂದರೆ.

ಇನ್ನು ಫೈಲು ಬರೆಯುವಾಗ ಬಹಳ ಎಚ್ಚರ ಬೇಕು. ವಿಎಸ್ ಕೋಡಿನ ರೈಟ್‌ಫೈಲ್ ಫಂಕ್ಷನ್, ಅದೇ ಹೆಸರಿನ ಫೈಲು ಮೊದಲೇ ಇದ್ದರೆ ಕೇಳದೆ ಅಳಿಸಿ ಬರೆಯುತ್ತದೆ. ಯಾರೋ ಸಂಜೆವರೆಗೆ ತಿದ್ದಿದ ತೂಕದ ಲೆಕ್ಕ ಒಂದು ಕ್ಲಿಕ್ಕಿನಲ್ಲಿ ಹೋದೀತು. ಮೂರೂ ಫೈಲು ಇವೆಯೋ ಇಲ್ಲವೋ ಮೊದಲೇ ನೋಡಿ. ಒಂದಿದ್ದರೂ ಯಾವುದನ್ನೂ ಬರೆಯದೆ ಕಮಾಂಡ್ ನಿಲ್ಲಲಿ. ಅರ್ಧ ಬರೆದು ನಿಲ್ಲುವ ಜನರೇಟರ್ ನನ್ನ ಪ್ರಕಾರ ಇಲ್ಲದಿದ್ದರೇ ವಾಸಿ.

ಬಹಳ ಮಂದಿ ಕಂಗಾಲಾಗುವ ಜಾಗ ಇನ್ನೊಂದಿದೆ: ಎಫ್5 ಒತ್ತಿದಾಗ ಎಲ್ಲ ಸರಿ, ಸಹೋದ್ಯೋಗಿಯ ಯಂತ್ರದಲ್ಲಿ ಮಾತ್ರ 'ಟೆಂಪ್ಲೇಟ್ ಸಿಗುತ್ತಿಲ್ಲ'. ಟೈಪ್‌ಸ್ಕ್ರಿಪ್ಟ್ ಚೌಕಟ್ಟಿನ ಜೊತೆ ಬರುವ .ವಿಎಸ್‌ಕೋಡ್‌ಇಗ್ನೋರ್ ಫೈಲು, ಮೂಲ ಕೋಡ್ ಇರುವ ಎಸ್‌ಆರ್‌ಸಿ ಫೋಲ್ಡರನ್ನು ಪ್ಯಾಕೇಜಿನಿಂದ ಹೊರಗಿಡುತ್ತದೆ; ಟೆಂಪ್ಲೇಟು ಅದರೊಳಗಿದ್ದರೆ ಅದೂ ಹೊರಗುಳಿಯುತ್ತದೆ. ಟೆಂಪ್ಲೇಟುಗಳಿಗೆ ಅದರ ಹೊರಗೆ ಬೇರೆ ಫೋಲ್ಡರ್ ಮಾಡಿ, ದಾರಿಯನ್ನು, ಎಕ್ಸ್‌ಟೆನ್ಷನ್ ಇರುವ ಜಾಗ ಹೇಳುವ ಎಕ್ಸ್‌ಟೆನ್ಷನ್‌ಯುಆರ್‌ಐ ಮೂಲಕ ಹಿಡಿಯಿರಿ.

ಎಲ್ಲರಿಗೂ ತೆರೆದಿರುವ ಮಾರ್ಕೆಟ್‌ಪ್ಲೇಸ್‌ಗೆ ಹಾಕುವ ಅಗತ್ಯವಿಲ್ಲ. ಪ್ಯಾಕೇಜ್ ಕಟ್ಟುವ ಸಾಧನದ 'ವಿಎಸ್‌ಸಿಇ ಪ್ಯಾಕೇಜ್' ಕಮಾಂಡ್ ಓಡಿಸಿದರೆ, ಇಡೀ ಎಕ್ಸ್‌ಟೆನ್ಷನ್ ಅಡಗಿರುವ ಒಂದು ವಿಎಸ್‌ಐಎಕ್ಸ್ ಫೈಲು ಸಿಗುತ್ತದೆ. ಅದನ್ನು ತಂಡದವರಿಗೆ ಕಳಿಸಿ. ಎಕ್ಸ್‌ಟೆನ್ಷನ್ ಪಟ್ಟಿಯ ಮೆನುವಿನಿಂದ ಹಾಕಿಕೊಳ್ಳುತ್ತಾರೆ. ಟೆಂಪ್ಲೇಟ್ ಬದಲಿಸಿದಾಗಲೆಲ್ಲ ಆವೃತ್ತಿ ಸಂಖ್ಯೆ ಏರಿಸಿ, ಹೊಸ ಫೈಲನ್ನು ಮತ್ತೆ ಹಂಚಿ.