ದೂರದ ಸವಾರಿಗೆ ರೋಡ್ ಬೈಕ್: ಸುಖ ಎಲ್ಲಿಂದ ಬರುತ್ತದೆ?

200 ಕಿಲೋಮೀಟರಿನ ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ, ಪೈಪೋಟಿಯಿಲ್ಲದ ದೂರದ ಸೈಕಲ್ ಸವಾರಿ) ಮುಗಿಸಲು ಸಿಗುವ ಸಮಯ 13 ಗಂಟೆ 30 ನಿಮಿಷ. ಪ್ಯಾರಿಸ್‌ನ ಅಡಾಕ್ಸ್ ಕ್ಲಬ್ ಇಟ್ಟ ಈ ಲೆಕ್ಕವೇ ಬೆಂಗಳೂರಿನಿಂದ ಹೊರಡುವ ಬ್ರೆವೆಗಳಿಗೂ ಅನ್ವಯಿಸುತ್ತದೆ. ತಿಂಡಿ, ಊಟ, ಪಂಚರ್‌ಗಳ ಹೊತ್ತನ್ನು ಕಳೆದು ಹತ್ತು ಗಂಟೆ ತುಳಿದರೂ, ನಿಮಿಷಕ್ಕೆ 75 ಸುತ್ತಿನ ಲೆಕ್ಕದಲ್ಲಿ ಪೆಡಲ್ 45,000 ಸಲ ತಿರುಗಿರುತ್ತದೆ. ಅಷ್ಟೂ ಹೊತ್ತು ದೇಹದ ಭಾರ ಅಂಗೈ, ಕೂರುವ ಮೂಳೆ, ಪಾದ ಈ ಮೂರೇ ಜಾಗಗಳ ಮೇಲೆ ನಿಂತಿರುತ್ತದೆ. ಮೊದಲ 40 ಕಿಲೋಮೀಟರಿನಲ್ಲಿ ಗಮನಕ್ಕೇ ಬಾರದ, ಭಂಗಿಯ ಅರ್ಧ ಇಂಚಿನ ವ್ಯತ್ಯಾಸ 150 ದಾಟುವ ಹೊತ್ತಿಗೆ ಬೆರಳಿಗೆ ಜೋಮು ಹಿಡಿಸಿ, ಕತ್ತನ್ನು ಸೆಟೆಸಿಬಿಡುತ್ತದೆ.

ಅಂಗಡಿಗೆ ಹೋದರೆ ಮಾತು ಸಾಮಾನ್ಯವಾಗಿ ಫ್ರೇಮಿನಿಂದಲೇ ಶುರುವಾಗುತ್ತದೆ: ಕಾರ್ಬನ್ ಮೃದು, ಅಲ್ಯೂಮಿನಿಯಂ ಒರಟು, ಸ್ಟೀಲ್ ಹದವಾಗಿ ಬಾಗುತ್ತದೆ ಅಂತ. ಇದನ್ನು ಕೊಂಚ ಯಂತ್ರಶಾಸ್ತ್ರದ ಕಣ್ಣಿನಿಂದ ನೋಡಬೇಕು. ರಸ್ತೆಯ ಗುದ್ದು ಸವಾರನನ್ನು ತಲುಪುವ ದಾರಿಯಲ್ಲಿ ಟೈರ್, ಚಕ್ರ, ಫ್ರೇಮ್, ಸೀಟು ಹೊತ್ತ ಕಂಬಿಯಾದ ಸೀಟ್‌ಪೋಸ್ಟ್, ಸೀಟು ಒಂದರ ಹಿಂದೊಂದು ಜೋಡಿಸಿದ ಸ್ಪ್ರಿಂಗುಗಳು. ಹೀಗೆ ಸಾಲಾಗಿ ನಿಂತ ಸ್ಪ್ರಿಂಗುಗಳಲ್ಲಿ ಅತಿ ಮೆತ್ತಗಿರುವುದೇ ಹೆಚ್ಚು ಬಾಗುತ್ತದೆ, ಒಟ್ಟು ಮೃದುತ್ವವನ್ನೂ ಅದೇ ನಿರ್ಧರಿಸುತ್ತದೆ. ಎರಡು ತ್ರಿಕೋನಗಳ ಸೈಕಲ್ ಫ್ರೇಮು ಸೇತುವೆಯ ಕಟ್ಟಿನಂಥ ರಚನೆ. ಮೇಲಿನಿಂದ ಬಿದ್ದ ಹೊರೆಗೆ ಅದು ಒಂದು ಮಿಲಿಮೀಟರಿನ ಯಾವುದೋ ಅಂಶದಷ್ಟು ಬಾಗಿದರೆ ಹೆಚ್ಚು. ಟೈರು ಹಲವು ಮಿಲಿಮೀಟರ್ ಕುಗ್ಗುತ್ತದೆ. ಮಂಚ ತೇಗದ್ದೋ ಕಬ್ಬಿಣದ್ದೋ ಎನ್ನುವುದಕ್ಕಿಂತ ಹಾಸಿಗೆ ಎಂಥದ್ದು ಎನ್ನುವುದೇ ಮುಖ್ಯ. ಆದ್ದರಿಂದ ಹೊಸ ಸೈಕಲ್ ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ಫ್ರೇಮು ಯಾವುದರಿಂದ ಮಾಡಿದ್ದು ಎಂಬುದಲ್ಲ, ಅದರೊಳಗೆ ಎಷ್ಟು ದಪ್ಪನೆಯ ಟೈರ್ ಕೂರುತ್ತದೆ ಎಂಬುದು.

ಹಿಂದೆ ರೋಡ್ ಬೈಕುಗಳಿಗೆ 23 ಮಿಲಿಮೀಟರ್ ಟೈರೇ ರೂಢಿ, ಗಾಳಿ 100 ಪಿಎಸ್‌ಐಗೂ ಮೇಲೆ. ಆ ನಂಬಿಕೆಗೆ ಆಧಾರ ಇರಲಿಲ್ಲ ಎನ್ನುವಂತಿಲ್ಲ. ನುಣುಪಾದ ಉಕ್ಕಿನ ಡ್ರಮ್ಮಿನ ಮೇಲೆ ಟೈರ್ ಉರುಳಿಸಿ ಅಳೆದರೆ, ಗಾಳಿ ಹೆಚ್ಚಿದಷ್ಟೂ ಉರುಳುವ ಪ್ರತಿರೋಧ ಕಡಿಮೆಯಾಗುತ್ತಲೇ ಹೋಗುತ್ತದೆ. ಆದರೆ ಆ ಡ್ರಮ್ಮಿನ ಮೇಲೆ ಮನುಷ್ಯ ಕೂತಿರುವುದಿಲ್ಲ, ಅದರಲ್ಲಿ ಜಲ್ಲಿ ಎದ್ದ ಡಾಂಬರೂ ಇಲ್ಲ. ನಿಜವಾದ ರಸ್ತೆಯಲ್ಲಿ ಗಟ್ಟಿ ಟೈರು ಪ್ರತಿ ಉಬ್ಬಿಗೂ ಸೈಕಲ್ಲನ್ನೂ ಸವಾರನನ್ನೂ ಸೇರಿಸಿ ಮೇಲೆತ್ತುತ್ತದೆ. ಮುಂದಕ್ಕೆ ಹೋಗಬೇಕಾದ ಶಕ್ತಿ ಹೀಗೆ ಮೇಲಕ್ಕೆ ತಿರುಗಿ, ಸವಾರನ ಸ್ನಾಯು, ಕೊಬ್ಬುಗಳ ನಡುಗಾಟದಲ್ಲಿ ಶಾಖವಾಗಿ ಕರಗಿಹೋಗುತ್ತದೆ. ಒಂದು ಹಂತ ದಾಟಿದ ಮೇಲೆ ಗಾಳಿ ಹೆಚ್ಚಿಸಿದರೆ ಡ್ರಮ್ಮಿನ ಮೇಲೆ ಸಿಕ್ಕ ಲಾಭಕ್ಕಿಂತ ಈ ನಷ್ಟವೇ ದೊಡ್ಡದು. ಮೈನೋವು, ನಿಧಾನ ಎರಡೂ ಒಂದೇ ಕಾರಣದಿಂದ ಹುಟ್ಟುತ್ತವೆ. ಸುಖ ಬೇಕಾದರೆ ವೇಗ ಬಿಡಬೇಕು ಎನ್ನುವ ಮಾತು ನಮ್ಮ ರಸ್ತೆಗಳ ಮಟ್ಟಿಗಂತೂ ತಪ್ಪು.

ಟೈರ್ ದಪ್ಪವಾದರೆ ಗಾಳಿ ಇಳಿಸಬಹುದು, ಯಾಕೆಂದರೆ ಟೈರಿನ ಗೋಡೆಯ ಬಿಗುಪು ಒತ್ತಡ ಮತ್ತು ಅಗಲಗಳ ಗುಣಲಬ್ಧ. 32ರ ಟೈರಿನ ಅಡ್ಡಕೊಯ್ತದ ವಿಸ್ತೀರ್ಣ 23ರದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಹಾಗಾಗಿ ಅರ್ಧಕ್ಕಿಂತ ತುಸು ಮೇಲಿನ ಒತ್ತಡದಲ್ಲೂ ಅದು ರಿಮ್ಮನ್ನು ಗುಂಡಿಯ ಅಂಚಿನಿಂದ ಕಾಪಾಡುತ್ತದೆ. ಸವಾರ, ಸೈಕಲ್, ನೀರು, ಬ್ಯಾಗು ಎಲ್ಲ ಸೇರಿ 85 ಕಿಲೋ ಎಂದಿಟ್ಟುಕೊಳ್ಳಿ. 28 ಮಿಲಿಮೀಟರ್ ಟೈರಿಗೆ ಹಿಂದೆ 70ರಿಂದ 75, ಮುಂದೆ 65ರ ಆಸುಪಾಸು; 32ಕ್ಕೆ ಹಿಂದೆ 60, ಮುಂದೆ 55ರ ಹತ್ತಿರ ಶುರು ಮಾಡಿ. ಹಿಂಚಕ್ರದ ಮೇಲೆ ಭಾರ ಹೆಚ್ಚು, ಅದಕ್ಕೇ ಅಲ್ಲಿ ಗಾಳಿಯೂ ಹೆಚ್ಚು. ಅಲ್ಲಿಂದ ಎರಡೆರಡು ಪಿಎಸ್‌ಐ ಇಳಿಸುತ್ತ ಹೋಗಿ. ತಿರುವಿನಲ್ಲಿ ಟೈರ್ ಪಕ್ಕಕ್ಕೆ ವಾಲಿದಂತೆ ಅನಿಸಿದರೆ, ಅಥವಾ ಪಂಚರಾದ ಟ್ಯೂಬಿನಲ್ಲಿ ಅಕ್ಕಪಕ್ಕ ಜೋಡಿ ತೂತು ಕಂಡರೆ ಇಳಿಸಿದ್ದು ಅತಿಯಾಯಿತು ಎಂದರ್ಥ: ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಕತ್ತರಿಸಿದೆ. ಹುಕ್‌ಲೆಸ್ ರಿಮ್ (ಟೈರನ್ನು ಕಚ್ಚಿಹಿಡಿಯುವ ಕೊಕ್ಕೆ ಅಂಚಿನಲ್ಲಿ ಇಲ್ಲದ್ದು) ಇದ್ದರೆ ಇನ್ನೊಂದು ಎಚ್ಚರ ಬೇಕು. ಅದಕ್ಕೆ ಗರಿಷ್ಠ 5 ಬಾರ್, ಅಂದರೆ 72.5 ಪಿಎಸ್‌ಐ, ಮೀರಿದರೆ ಟೈರು ರಿಮ್ಮಿನಿಂದ ಹಾರಬಹುದು. ಭಾರೀ ಮೈಕಟ್ಟಿನವರು ಅಂಥ ರಿಮ್ಮಿಗೆ 28ರ ಟೈರ್ ಹಾಕದೆ 32ಕ್ಕೆ ಹೋಗುವುದೇ ಸರಿ.

ದಪ್ಪ ಟೈರಿಗೆ ಜಾಗ ಎಲ್ಲಿ ಸಾಲದೆ ಹೋಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ನೋಡಿ. ಫೋರ್ಕಿನ ನೆತ್ತಿ, ಪೆಡಲಿನ ಹಿಂದಿನ ಚೈನ್‌ಸ್ಟೇ ಸಂದು, ಬ್ರೇಕಿನ ಕಮಾನು, ಈ ಮೂರು ಕಡೆ ಟೈರಿನ ಎರಡೂ ಬದಿಗೆ ಕನಿಷ್ಠ 4 ಮಿಲಿಮೀಟರ್ ಬಿಡುವು ಇರಬೇಕು. ಇಲ್ಲದಿದ್ದರೆ ಮಳೆಯಲ್ಲಿ ಮೆತ್ತಿದ ಕೆಂಪು ಮಣ್ಣು, ಸಣ್ಣ ಕಲ್ಲು ಫ್ರೇಮಿನ ಬಣ್ಣ ಕೆರೆದು, ಕಾರ್ಬನ್ನನ್ನೂ ಸವೆಸುತ್ತವೆ. ಹಳೆಯ ರಿಮ್ ಬ್ರೇಕಿನ ರೇಸ್ ಬೈಕುಗಳಲ್ಲಿ 25, ಬಹಳವಾದರೆ 28ರ ತನಕ ಜಾಗ. ಡಿಸ್ಕ್ ಬ್ರೇಕಿನ ದೊಡ್ಡ ಉಪಕಾರ ಇದೇ ಎಂದರೂ ತಪ್ಪಲ್ಲ: ಟೈರಿನ ತಲೆಯ ಮೇಲೆ ಕಮಾನು ಇರುವುದಿಲ್ಲ. ಮಡ್‌ಗಾರ್ಡ್ ಹಾಕುವವರು ಟೈರಿನ ಅಳತೆಗೆ ಇನ್ನೂ ನಾಲ್ಕೈದು ಮಿಲಿಮೀಟರ್ ಸೇರಿಸಿ ಲೆಕ್ಕ ಹಾಕಬೇಕು.

ಇನ್ನು ಕೂರುವ ಭಂಗಿ. ಪ್ರತಿ ಕಂಪನಿಯೂ ಪ್ರಕಟಿಸುವ ಅಳತೆಪಟ್ಟಿಯಲ್ಲಿ ಸ್ಟ್ಯಾಕ್, ರೀಚ್ ಎಂಬ ಎರಡು ಅಂಕಿಗಳಿರುತ್ತವೆ. ಪೆಡಲಿನ ತೋಳುಗಳು ತಿರುಗುವ ಅಚ್ಚಿನ (ಬಾಟಮ್ ಬ್ರಾಕೆಟ್) ನಡುವಿನಿಂದ ಹೆಡ್ ಟ್ಯೂಬಿನ (ಫ್ರೇಮಿನ ಮುಂದಿನ ಕೊಳವೆ) ಮೇಲಿನ ತುದಿಗೆ ನೇರ ಮೇಲಕ್ಕೆ ಎಷ್ಟು ಎಂಬುದು ಸ್ಟ್ಯಾಕ್, ನೇರ ಮುಂದಕ್ಕೆ ಎಷ್ಟು ಎಂಬುದು ರೀಚ್. ಎಸ್, ಎಮ್, 54, 56 ಮುಂತಾದ ಸೈಜುಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಈ ಎರಡು ಅಂಕಿಗಳ ಅರ್ಥ ಎಲ್ಲ ಕಡೆಯೂ ಒಂದೇ. ಸರಾಸರಿ ಎತ್ತರದವರ ರೇಸ್ ಬೈಕಿನಲ್ಲಿ ಸ್ಟ್ಯಾಕ್ 565, ರೀಚ್ 390 ಮಿಲಿಮೀಟರ್ ಇರಬಹುದು, ಅನುಪಾತ 1.45. ದೂರದ ಸವಾರಿಗೆಂದೇ ಮಾಡಿದ, ಅದೇ ಸೈಜಿನ ಎಂಡ್ಯೂರೆನ್ಸ್ ಬೈಕಿನಲ್ಲಿ 590, 378 ಇದ್ದರೆ ಅನುಪಾತ 1.56. ಕೈ ಎರಡೂವರೆ ಸೆಂಟಿಮೀಟರ್ ಮೇಲೆ, ಒಂದು ಸೆಂಟಿಮೀಟರಿಗೂ ಹೆಚ್ಚು ಹತ್ತಿರ ಬಂತು. ಸೊಂಟ ಅಷ್ಟೊಂದು ಮಡಚುವುದಿಲ್ಲ, ದಾರಿ ನೋಡಲು ಕತ್ತನ್ನು ಹಿಂದಕ್ಕೆ ಮುರಿಯಬೇಕಿಲ್ಲ. 1.5ರ ಮೇಲಿನ ಅನುಪಾತ ದೂರದ ಸವಾರಿಗೆ ಒಳ್ಳೆಯ ಗುರುತು.

ರೇಸ್ ಬೈಕನ್ನೇ ತಂದು, ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮಿನ ಕೆಳಗೆ ಸ್ಪೇಸರ್ (ಎತ್ತರಿಸುವ ಬಳೆ) ಪೇರಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಹೆಡ್ ಟ್ಯೂಬ್ ನೆಲಕ್ಕೆ 73 ಡಿಗ್ರಿ ಕೋನದಲ್ಲಿ ಹಿಂದಕ್ಕೆ ವಾಲಿರುವುದರಿಂದ 10 ಮಿಲಿಮೀಟರ್ ಸ್ಪೇಸರಿಗೆ ಹ್ಯಾಂಡಲ್ ಸುಮಾರು 3 ಮಿಲಿಮೀಟರ್ ಹತ್ತಿರ ಬರುತ್ತದೆ. ಆದರೆ ಫೋರ್ಕಿನಿಂದ ಮೇಲೆ ಬರುವ ಕಾರ್ಬನ್ ಸ್ಟಿಯರರ್ ಕೊಳವೆಯ ಮೇಲೆ ಎಷ್ಟು ಸ್ಪೇಸರ್ ಪೇರಿಸಬಹುದು ಎಂಬುದಕ್ಕೆ ತಯಾರಕರ ಮಿತಿ ಇದೆ. ಕೊಳ್ಳುವಾಗಲೇ ಆ ಮಿತಿ ಮುಟ್ಟಿದ್ದರೆ, ಮುಂದೆ ಬೆನ್ನು ಇನ್ನಷ್ಟು ಕೇಳಿದಾಗ ಕೊಡಲು ಏನೂ ಉಳಿದಿರುವುದಿಲ್ಲ.

ಸೀಟಿನ ಎತ್ತರಕ್ಕೆ ಹಳೆಯ ಸೂತ್ರ ಈಗಲೂ ಒಳ್ಳೆಯ ಆರಂಭ: ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಗೆ ಪುಸ್ತಕವೊಂದನ್ನು ಬಿಗಿಯಾಗಿ ಒತ್ತಿ, ಅದರ ಮೇಲಂಚಿನಿಂದ ನೆಲದ ತನಕ ಅಳೆದು 0.883ರಿಂದ ಗುಣಿಸಿ. ಅಳತೆ 80 ಸೆಂಟಿಮೀಟರ್ ಇದ್ದರೆ, ಬಾಟಮ್ ಬ್ರಾಕೆಟ್ ನಡುವಿನಿಂದ ಸೀಟಿನ ಮೇಲ್ಮೈಗೆ 70.6. ಸೀಟಿನ ಅಗಲವನ್ನು ಹೀಗೆ ತಿಳಿಯಬಹುದು: ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು, ಮುಂದಕ್ಕೆ ಬಾಗಿ ಒಂದು ನಿಮಿಷ ಕೂತು ಎದ್ದರೆ ಕೂರುವ ಮೂಳೆಗಳ ಎರಡು ತಗ್ಗು ಕಾಣುತ್ತವೆ. ಅವುಗಳ ನಡುಬಿಂದುಗಳ ಅಂತರಕ್ಕೆ 20ರಿಂದ 25 ಮಿಲಿಮೀಟರ್ ಸೇರಿಸಿ. ದಪ್ಪ ಜೆಲ್ ತುಂಬಿದ ಸೀಟು ಅಂಗಡಿಯಲ್ಲಿ ಹಿತ, ಮೂರನೇ ಗಂಟೆಯಲ್ಲಿ ಅಲ್ಲ. ಮೂಳೆ ಅದರೊಳಗೆ ಹುದುಗಿದಾಗ ನಡುವಿನ ಜೆಲ್ ಮೇಲೆದ್ದು, ಜನನಾಂಗದ ಭಾಗಕ್ಕೆ ಹೋಗುವ ಪ್ಯೂಡೆಂಡಲ್ ನರವನ್ನೇ ಒತ್ತುತ್ತದೆ. ಅಲ್ಲಿ ಮರಗಟ್ಟಿದರೆ ಅದನ್ನು ಸಹಿಸಿಕೊಂಡು ಮುಂದುವರಿಯಬಾರದು. ಸೀಟನ್ನೋ ಅದರ ವಾಲನ್ನೋ ಬದಲಿಸಲೇಬೇಕು.

ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಅಂಗೈಯ ಬುಡದಲ್ಲಿ ಅಲ್ನಾರ್ ನರ ಒತ್ತುತ್ತಿದೆ. ಎಲ್ಲರೂ ಮೊದಲು ಗ್ಲೌಸ್ ಬದಲಿಸುತ್ತಾರೆ. ಅದಕ್ಕಿಂತ ಮೊದಲು ಸೀಟಿನ ಮೂತಿ ಕೆಳಗೆ ವಾಲಿದೆಯೇ ನೋಡಿ. ವಾಲಿದ್ದರೆ ದೇಹ ಸದಾ ಮುಂದೆ ಜಾರುತ್ತ ಅಂಗೈಯ ಮೇಲೆ ಬೀಳುತ್ತಿರುತ್ತದೆ. ಸೀಟನ್ನು ಸಮಮಾಡಿ, 5 ಮಿಲಿಮೀಟರ್ ಹಿಂದಕ್ಕೆ ತಳ್ಳಿ ನೋಡಿದರೆ ಎಷ್ಟೋ ಸಲ ಕೈ ಹಗುರಾಗುತ್ತದೆ.

ಟೈರ್ ಬಿಟ್ಟರೆ ನಿಜವಾಗಿ ಬಾಗುವ ಭಾಗ ಸೀಟ್‌ಪೋಸ್ಟ್. ಒಂದು ತುದಿ ಹಿಡಿದಿಟ್ಟ ಕಂಬಿಯ ಬಾಗು ಅದರ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಫ್ರೇಮಿನಿಂದ ಹೊರಗೆ 15 ಸೆಂಟಿಮೀಟರ್ ಇದ್ದದ್ದು 20 ಆದರೆ ಬಾಗು ಎರಡೂಕಾಲು ಪಟ್ಟಿಗೂ ಹೆಚ್ಚು. ಗೋಡೆಯ ದಪ್ಪ ಒಂದೇ ಆದರೆ 31.6 ಮಿಲಿಮೀಟರ್ ವ್ಯಾಸದ್ದಕ್ಕಿಂತ 27.2ರದ್ದು ಒಂದೂವರೆ ಪಟ್ಟು ಬಾಗುತ್ತದೆ. ಪೋಸ್ಟ್ ಹೆಚ್ಚು ಹೊರಗುಳಿಯುವಂತೆ ಇಳಿಜಾರಾದ ಟಾಪ್ ಟ್ಯೂಬ್ (ಫ್ರೇಮಿನ ಮೇಲಿನ ಕೊಳವೆ), 27.2ರ ತೆಳು ಪೋಸ್ಟ್ ಇರುವ ಅಲ್ಯೂಮಿನಿಯಂ ಫ್ರೇಮಿಗೆ ದಪ್ಪ ಟೈರ್ ಹಾಕಿದರೆ ದುಬಾರಿ ಕಾರ್ಬನ್ ರೇಸ್ ಬೈಕಿಗಿಂತ ಹಿತವಾಗಿರುವುದು ಇದೇ ಕಾರಣಕ್ಕೆ.

ಗೇರನ್ನೂ ಸುಖದ ಲೆಕ್ಕಕ್ಕೇ ಸೇರಿಸಬೇಕು. ಮುಂದೆ 34 ಹಲ್ಲು, ಹಿಂದೆ 28 ಇದ್ದು ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ 9.3 ಕಿಲೋಮೀಟರ್, ಒಟ್ಟು 85 ಕಿಲೋ ಹೊತ್ತು 8 ಶೇಕಡಾ ಏರಿನಲ್ಲಿ ಅದಕ್ಕೆ ಸುಮಾರು 185 ವ್ಯಾಟ್ ಬೇಕು. ಹಿಂದೆ 34 ಹಲ್ಲಿದ್ದರೆ ಅಷ್ಟೇ ಸುತ್ತಿಗೆ ವೇಗ 7.7, ಬೇಕಾಗುವುದು 155ರ ಹತ್ತಿರ. ಸಂಜೆಯ ಹೊತ್ತಿಗೆ ಆಗುಂಬೆಯ ತಿರುವುಗಳು ಎದುರಾದರೆ ಈ 30 ವ್ಯಾಟ್ ಮೊಣಕಾಲಿಗೆ ದೊಡ್ಡ ಉಪಕಾರ. ಕೊಳ್ಳುವಾಗಲೇ 34 ಹಲ್ಲಿನ ತನಕ ಇರುವ ಕ್ಯಾಸೆಟ್ (ಹಿಂಚಕ್ರದ ಗೇರ್‌ಗಳ ಗೊಂಚಲು) ಕೇಳಿ. ಆಮೇಲೆ ಬದಲಿಸಲು ಹೋದರೆ ಉದ್ದ ಪಂಜರದ ಡೀರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ), ಹೊಸ ಚೈನು ಎಂದು ಖರ್ಚು ಬೆಳೆಯುತ್ತದೆ.

ಎರಡು ಸೈಕಲ್‌ಗಳನ್ನು ಓಡಿಸಿ ಹೋಲಿಸುವಾಗ ಕೈಯಲ್ಲಿ ಒಂದು ಗೇಜ್ ಇರಲಿ. ಅಂಗಡಿಯಲ್ಲಿ ಟೈರಿನ ಪಕ್ಕದಲ್ಲಿ ಬರೆದ ಗರಿಷ್ಠಕ್ಕೆ ಗಾಳಿ ಹೊಡೆದಿರುವುದುಂಟು; ಒಂದರಲ್ಲಿ 100, ಇನ್ನೊಂದರಲ್ಲಿ 70 ಇದ್ದರೆ ನೀವು ಹೋಲಿಸುತ್ತಿರುವುದು ಗಾಳಿಯನ್ನು, ಸೈಕಲ್ಲನ್ನಲ್ಲ. ಎರಡರಲ್ಲೂ ಟೈರಿನ ಅಗಲಕ್ಕೆ ತಕ್ಕ ಒತ್ತಡ ಇಟ್ಟು, ಸೀಟಿನ ಎತ್ತರ ಒಂದೇ ಮಾಡಿಸಿ, ಒಂದೇ ಕೆಟ್ಟ ರಸ್ತೆಯಲ್ಲಿ ಅರ್ಧ ಗಂಟೆಯಾದರೂ ಓಡಿಸಿ, ಕೈಯನ್ನು ಬ್ರೇಕ್ ಹುಡ್‌ಗಳ (ಬ್ರೇಕ್ ಹಿಡಿಗಳ ರಬ್ಬರ್ ಹೊದಿಕೆಯ ತಲೆಗಳ) ಮೇಲೇ ಇಟ್ಟು.