ಗುಗ್ಗುಳ: ಎಂಟು ವರ್ಷ ಬೆಳೆದು ಒಂದೇ ಋತುವಿನಲ್ಲಿ ಒಣಗುವ ಗಿಡ

ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ಮದುವೆಯ ಹೊತ್ತಿಗೆ ವೀರಭದ್ರನ ಗುಗ್ಗಳ ಹೊರಡುತ್ತದೆ. ಪುರವಂತರು ಒಡಪು ಹೇಳುತ್ತಾರೆ, ಧೂಪದ ಹೊಗೆ ಓಣಿಯನ್ನೆಲ್ಲ ತುಂಬುತ್ತದೆ. ಆ ಆಚರಣೆಗೆ ಹೆಸರು ಕೊಟ್ಟ ಗುಗ್ಗುಳದ ಗಿಡವನ್ನು ಮಾತ್ರ ನಮ್ಮಲ್ಲಿ ಕಂಡವರು ಕಡಿಮೆ. ಅದರ ತವರು ಕಛ್, ರಾಜಸ್ಥಾನ ಮತ್ತು ಗಡಿಯಾಚೆಯ ಸಿಂಧ್‌ನ ಒಣನೆಲ. ಆಳೆತ್ತರದ ಮುಳ್ಳುಪೊದೆ, ವರ್ಷದ ಬಹುಪಾಲು ಎಲೆಯಿಲ್ಲದೆ ನಿಂತಿರುತ್ತದೆ, ಕಾಗದದಂತೆ ಸುಲಿದ ತೊಗಟೆ ಗಾಳಿಗೆ ಅಲ್ಲಾಡುತ್ತಿರುತ್ತದೆ. 2015ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ ತನ್ನ ಕೆಂಪು ಪಟ್ಟಿಯಲ್ಲಿ ಇದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಗುರುತಿಸಿತು.

ಗುಗ್ಗುಳದ ಕಂಪು ಹರಡಿದಲ್ಲಿಂದ ರೋಗಗಳು ಜಿಂಕೆಗಳಂತೆ ಓಡುತ್ತವೆ ಎಂದು ಅಥರ್ವವೇದ ಹೇಳಿದ ಕಾಲದಿಂದ ಇಪ್ಪತ್ತನೇ ಶತಮಾನದವರೆಗೆ ಧೂಪಕ್ಕೂ, ಯೋಗರಾಜ, ಕೈಶೋರ, ತ್ರಿಫಲಾ ಗುಗ್ಗುಳದಂಥ ಆಯುರ್ವೇದದ ಗುಳಿಗೆಗಳಿಗೂ ಕಾಡಿನ ಪೊದೆಗಳಿಂದ ಒಸರುವ ಅಂಟೇ ಒದಗಿತು. 1966ರಲ್ಲಿ ದಿಕ್ಕು ಬದಲಾಯಿತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಹಾನಿರ್ದೇಶಕಿಯಾದ ಜಿ.ವಿ. ಸತ್ಯವತಿ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ, ಮೇದೋರೋಗದ, ಅಂದರೆ ಮೈಯಲ್ಲಿ ಕೊಬ್ಬು ಹೆಚ್ಚುವ ರೋಗದ ಬಗ್ಗೆ ಪ್ರಾಚೀನ ವೈದ್ಯ ಸುಶ್ರುತ ಹೇಳಿದ್ದನ್ನೇ ಹಿಡಿದು ಮೊಲಗಳ ಮೇಲೆ ಪ್ರಯೋಗ ನಡೆಸಿ, ಗುಗ್ಗುಳದಿಂದ ಕೊಲೆಸ್ಟರಾಲ್ ಇಳಿಯುವುದನ್ನು ತೋರಿಸಿದರು. 1980ರ ದಶಕದಲ್ಲಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಗುಗ್ಗುಳದಿಂದ ತಯಾರಿಸಿದ ಕೊಲೆಸ್ಟರಾಲ್ ಔಷಧ ‘ಗುಗುಲಿಪಿಡ್’ ಬಂತು. 2003ರಲ್ಲಿ ಅಮೆರಿಕದಲ್ಲಿ 103 ಜನರ ಮೇಲೆ ಎಂಟು ವಾರ ನಡೆದ ಗುಗ್ಗುಳದ ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟರಾಲ್ ಇಳಿಯುವ ಬದಲು ತುಸು ಏರಿತು. ವೈದ್ಯರ ವಾದ ಇನ್ನೂ ನಡೆದಿದೆ. ಅಷ್ಟರೊಳಗೆ ಪೊದೆಗಳು ಒಣಗಿದವು.

ಒಣಗಿದ್ದು ಹೇಗೆಂದು ತಿಳಿಯಲು ಅಂಟು ಇಳಿಸುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಚಳಿಗಾಲದಿಂದ ಬೇಸಿಗೆಯವರೆಗೆ ದಪ್ಪ ಕೊಂಬೆಗಳ ತೊಗಟೆಯನ್ನು ಗೀರುತ್ತಾರೆ. ಹಳದಿ ಹನಿ ಮೆಲ್ಲಗೆ ಒಸರಿ, ಗಾಳಿಗೆ ಗಟ್ಟಿಯಾಗಿ ಕಂದು ಗಂಟಾಗುತ್ತದೆ. ಗೀರು ತೊಗಟೆಯಲ್ಲೇ ನಿಂತರೆ ಗಾಯ ಮಾಯುತ್ತದೆ, ಗಿಡ ಮುಂದಿನ ವರ್ಷಕ್ಕೂ ಉಳಿಯುತ್ತದೆ. ಆದರೆ ಹೀಗೆ ಸಿಗುವುದು ಗಿಡವೊಂದಕ್ಕೆ ಕೆಲವು ನೂರು ಗ್ರಾಂ. ಬೇಡಿಕೆ ಏರಿದಂತೆ ಗೀರು ಕಾಂಡದ ಒಳಕ್ಕೆ ಇಳಿಯಿತು. ಗಾಯಕ್ಕೆ ಮೈಲುತುತ್ತ ಬೆರೆಸಿದ ಲೇಪ ಮೆತ್ತುವುದೂ ಬಂತು. ಕಾಯಿ ಹಣ್ಣು ಮಾಡಲು ಬಳಸುವ ಎಥೆಫಾನ್ ಹಾಕಿದರೆ ಇಳುವರಿ ಹಲವು ಪಟ್ಟು ಹೆಚ್ಚುತ್ತದೆ ಎಂದು 1980ರ ದಶಕದ ಸಂಶೋಧನೆ ತೋರಿಸಿತು. ಅಳತೆ ಮೀರಿದರೆ ಅದೇ ಗಿಡದ ಕೊನೆಯ ಅಂಟು. ಯಾರ ಹೆಸರಿನಲ್ಲೂ ಇಲ್ಲದ ನೆಲದ ಪೊದೆಯನ್ನು ಇವತ್ತು ಒಬ್ಬ ಬಿಟ್ಟರೆ ನಾಳೆ ಇನ್ನೊಬ್ಬ ಗೀರುತ್ತಾನೆ. ಕಿಲೋ ಲೆಕ್ಕದಲ್ಲಿ ದುಡ್ಡು ಎಣಿಸುವ ಕೂಲಿಯವನ ಮೇಲೆ ಇದನ್ನೆಲ್ಲ ಹೊರಿಸುವುದು ನ್ಯಾಯವಲ್ಲ. ಮುಂದಿನ ವರ್ಷಕ್ಕೆಂದು ಗಿಡ ಉಳಿಸಿದವನಿಗೆ ಯಾರೂ ಒಂದು ಕಾಸೂ ಹೆಚ್ಚು ಕೊಟ್ಟಿಲ್ಲ.

ಸತ್ತ ಜಾಗದಲ್ಲಿ ಹೊಸದು ಹುಟ್ಟುವುದೂ ಕಷ್ಟ. ಈ ಜಾತಿಯಲ್ಲಿ ಗಂಡುಗಿಡಗಳು ತೀರಾ ಅಪರೂಪ. ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟುತ್ತದೆ, ಹೀಗಾಗಿ ಸಸಿಗಳು ತಾಯಿಗಿಡದ ಪಡಿಯಚ್ಚು. ಮೊಳೆಯುವ ಬೀಜವೂ ಕಡಿಮೆ. ಕಛ್‌ನಲ್ಲಂತೂ ನಾವು ಬಳ್ಳಾರಿ ಜಾಲಿ ಎನ್ನುವ ಗಿಡ ಬಯಲನ್ನೆಲ್ಲ ಆವರಿಸಿದೆ.

2025ರಲ್ಲಿ ಭಾರತ ಪಾಕಿಸ್ತಾನದ ಆಮದನ್ನು ನಿಷೇಧಿಸುವ ಮೊದಲು ಬೇಡಿಕೆಯ ಬಹುಪಾಲು ಅಲ್ಲಿನ ಸರಕಿನಿಂದ ತುಂಬುತ್ತಿತ್ತು, ಅಂದರೆ ಅಲ್ಲಿನ ಪೊದೆಗಳಿಗೂ ಇದೇ ಗೀರು. ಕಲಬೆರಕೆಯೂ ಹೆಚ್ಚಿದೆ. ಅಸಲಿ ಗುಗ್ಗುಳ ಬಿಸಿಲಿಗೆ ಕರಗುತ್ತದೆ, ಬಿಸಿನೀರಿನಲ್ಲಿ ಹಾಲಿನಂತಾಗುತ್ತದೆ ಎಂಬ ಹಳೆಯ ಪರೀಕ್ಷೆಯನ್ನು ಗ್ರಂಥಿಗೆ ಅಂಗಡಿಯಲ್ಲಿ ಮಾಡಿ ನೋಡುವವರು ಎಷ್ಟು ಮಂದಿ?

ಕೊಂಬೆ ನೆಟ್ಟರೆ ಗುಗ್ಗುಳ ಬೇರು ಬಿಡುತ್ತದೆ. ಗುಜರಾತ್, ರಾಜಸ್ಥಾನಗಳಲ್ಲಿ ಔಷಧೀಯ ಸಸ್ಯ ಮಂಡಳಿಯ ನೆರವಿನಿಂದ ಹೀಗೆ ತೋಟಗಳೆದ್ದಿವೆ. ನೆಟ್ಟ ಕಡ್ಡಿ ಅಂಟಿಗೆ ಬರಲು ಎಂಟು, ಹತ್ತು ವರ್ಷ ಬೇಕು. ಅಷ್ಟು ವರ್ಷ ಬೇಲಿ ಕಾಯುವವರ ಖರ್ಚನ್ನು ಗುಳಿಗೆಯ ಬೆಲೆಯಲ್ಲಿ ಸೇರಿಸುವ ಮಾತು ಇನ್ನೂ ಶುರುವಾಗಿಲ್ಲ.