ಬಸುರಿನಲ್ಲಿ ಥೈರಾಯ್ಡ್ ಇತ್ತು, ಮಗ ಹೀಗಿರೋದು ಅದಕ್ಕೇನಾ?

ಪ್ರಶ್ನೆ: ನನ್ನ ಮಗನಿಗೆ ಐದೂವರೆ ವರ್ಷ, ಯುಕೆಜಿ. ಒಂದು ನಿಮಿಷ ಕೂತಲ್ಲಿ ಕೂರಲ್ಲ, ಹೇಳಿದ್ದು ಕಿವಿಗೆ ಬೀಳಲ್ಲ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರಬಹುದು, ಒಮ್ಮೆ ತೋರಿಸಿ ಅಂತ ಮಿಸ್ ಹೇಳಿದ್ದಾರೆ. ನಾನು ಗರ್ಭಿಣಿಯಾಗಿದ್ದಾಗ ಮೂರನೇ ತಿಂಗಳಲ್ಲಿ ಥೈರಾಯ್ಡ್ ಇದೆ ಅಂತ ಗೊತ್ತಾಗಿ ಮಾತ್ರೆ ಶುರು ಮಾಡಿದ್ದರು. ತಾಯಿಯ ಥೈರಾಯ್ಡ್‌ನಿಂದ ಮಕ್ಕಳಿಗೆ ಹೀಗಾಗುತ್ತದೆ ಅಂತ ಓದಿದೆ. ನನ್ನಿಂದಲೇ ಆಯ್ತಾ?

ಈ ಪ್ರಶ್ನೆ ಕೇಳುವವರು ನೀವೊಬ್ಬರೇ ಅಲ್ಲ. ಕೆಲವರು ಥೈರಾಯ್ಡ್ ಅನ್ನುವ ಜಾಗದಲ್ಲಿ ಪಿಸಿಒಡಿ (ಅಂಡಾಶಯದ ಹಾರ್ಮೋನು ತೊಂದರೆ) ಅನ್ನುತ್ತಾರೆ, ಕೆಲವರು ಬಸುರಿನಲ್ಲಿ ಬಂದ ಶುಗರ್ ಅನ್ನುತ್ತಾರೆ. ಕೊನೆಯ ಎರಡು ಪದ ಮಾತ್ರ ಎಲ್ಲರದ್ದೂ ಒಂದೇ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಗನನ್ನು ತೋರಿಸಿ ‘ಇದು ಅದರಿಂದಲೇ’ ಎನ್ನಲು ಯಾವ ಡಾಕ್ಟರಿಗೂ ಆಗುವುದಿಲ್ಲ, ಅಂದರೆ ನಂಬಬೇಡಿ. ಹಾಗಂತ ನೀವು ಓದಿದ್ದು ಪೂರ್ತಿ ಕಟ್ಟುಕಥೆಯೂ ಅಲ್ಲ.

ಹೊಟ್ಟೆಯಲ್ಲಿರುವ ಮಗುವಿನ ಸ್ವಂತ ಥೈರಾಯ್ಡ್ ಗ್ರಂಥಿ ಕೆಲಸ ಶುರು ಮಾಡುವುದು ಸುಮಾರು 12ನೇ ವಾರಕ್ಕೆ. ತನಗೆ ಬೇಕಾದಷ್ಟು ಹಾರ್ಮೋನು ತಾನೇ ಮಾಡಿಕೊಳ್ಳಲು 18-20 ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಅಮ್ಮನ ರಕ್ತದಲ್ಲಿ ಬರುವ ಥೈರಾಯ್ಡ್ ಹಾರ್ಮೋನು, ಅಂದರೆ ಥೈರಾಕ್ಸಿನ್ನೇ ಗತಿ. ಮಿದುಳಿನ ಜೀವಕೋಶಗಳು ಹುಟ್ಟಿ, ಸರಿದು, ತಂತಮ್ಮ ಜಾಗದಲ್ಲಿ ನೆಲೆಯಾಗುವ ಕೆಲಸ ಬಿರುಸಾಗಿ ನಡೆಯುವುದೂ ಇದೇ ಹೊತ್ತಿನಲ್ಲಿ, ಅದಕ್ಕೆ ಈ ಹಾರ್ಮೋನು ಬೇಕೇ ಬೇಕು. ಎರಡು ಜೀವಕ್ಕಾಗುವಷ್ಟು ಒದಗಿಸಲು ಅಮ್ಮನ ಗ್ರಂಥಿ ಮಾಮೂಲಿಗಿಂತ ಸುಮಾರು ಅರ್ಧಪಾಲು ಹೆಚ್ಚು ದುಡಿಯಬೇಕು. ರಿಪೋರ್ಟಿನಲ್ಲಿ ಬರುವ ಟಿಎಸ್‌ಎಚ್ ಅನ್ನುವುದು ಥೈರಾಯ್ಡ್ ಹಾರ್ಮೋನಲ್ಲ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಕೂಗುವ ಕೂಗು. ಕೆಲಸ ಸಾಗದಿದ್ದಷ್ಟೂ ಕೂಗು ಜೋರಾಗುತ್ತದೆ. ಟಿಎಸ್‌ಎಚ್ ‘ಜಾಸ್ತಿ’ ಬಂದರೆ ಹಾರ್ಮೋನು ‘ಕಮ್ಮಿ’ ಅನ್ನುವ ತಲೆಕೆಳಗಿನ ಲೆಕ್ಕ ಇದೇ.

ಸಂಶಯ ಎದ್ದದ್ದು ಎಲ್ಲಿಂದ? ಅಮೆರಿಕದ ಮೇನ್ ರಾಜ್ಯದಿಂದ 1999ರಲ್ಲಿ ಒಂದು ಅಧ್ಯಯನ ಬಂತು. ಬಸುರಿನಲ್ಲಿ ಟಿಎಸ್‌ಎಚ್ ಹೆಚ್ಚಿದ್ದ 62 ತಾಯಂದಿರ ಮಕ್ಕಳನ್ನು ಏಳರಿಂದ ಒಂಬತ್ತನೇ ವಯಸ್ಸಿನಲ್ಲಿ ಪರೀಕ್ಷಿಸಿದರು. ಅವರಲ್ಲಿ 48 ಮಂದಿ ಚಿಕಿತ್ಸೆಯೇ ಪಡೆದಿರಲಿಲ್ಲ. ಅವರ ಮಕ್ಕಳ ಐಕ್ಯೂ ಉಳಿದ ಮಕ್ಕಳಿಗಿಂತ ಸರಾಸರಿ ಏಳು ಅಂಕ ಕಮ್ಮಿ ಇತ್ತು. ಚಿಕಿತ್ಸೆ ಪಡೆದ 14 ಮಂದಿಯ ಮಕ್ಕಳಲ್ಲಿ ಈ ಕೊರತೆ ಕಾಣಲಿಲ್ಲ. 2004ರಲ್ಲಿ ಇಟಲಿಯ ಸಿಸಿಲಿಯಿಂದ ಬಂದ ವರದಿ ಇನ್ನೂ ಬೆಚ್ಚಿಬೀಳಿಸುವಂಥದ್ದು: ಥೈರಾಯ್ಡ್ ಹಾರ್ಮೋನು ತಯಾರಾಗಲು ಬೇಕಾದ ಅಯೋಡಿನ್ ಕಮ್ಮಿ ಇರುವ ಪ್ರದೇಶದ 16 ಮಕ್ಕಳಲ್ಲಿ 11 ಮಂದಿಗೆ ಎಡಿಎಚ್‌ಡಿ, ಅಯೋಡಿನ್ ಸಾಕಷ್ಟಿರುವ ಕಡೆಯ 11 ಮಕ್ಕಳಲ್ಲಿ ಒಬ್ಬರಿಗೂ ಇಲ್ಲ. ಒಟ್ಟು ಲೆಕ್ಕ 27 ಮಕ್ಕಳು ಅನ್ನುವುದನ್ನು ಮರೆಯಬೇಡಿ. ನಮ್ಮ ಒಂದು ಅಂಗನವಾಡಿಯಷ್ಟು.

ನೀವು ಓದಿದ್ದು ಬಹುಶಃ 2020ರದ್ದು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ 3,29,157 ಮಕ್ಕಳ ದಾಖಲೆ ನೋಡಿದಾಗ, ಗರ್ಭ ನಿಲ್ಲುವುದಕ್ಕೆ ಸ್ವಲ್ಪ ಮುಂಚೆ ಅಥವಾ ಮೊದಲ ತಿಂಗಳುಗಳಲ್ಲಿ ಥೈರಾಯ್ಡ್ ಕೊರತೆ ಪತ್ತೆಯಾದ ತಾಯಂದಿರ ಮಕ್ಕಳಲ್ಲಿ ಎಡಿಎಚ್‌ಡಿ ಸಂಭವ ಶೇ 24ರಷ್ಟು ಹೆಚ್ಚು ಕಂಡಿತು. ಶೇ 24 ಅಂದಕೂಡಲೇ ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಅಂತ ಮನಸ್ಸು ಓದಿಕೊಳ್ಳುತ್ತದೆ. ಹಾಗಲ್ಲ. ಆ ಅಧ್ಯಯನದಲ್ಲಿ ಒಟ್ಟಾರೆ ನೂರಕ್ಕೆ ಸುಮಾರು ಐದು ಮಕ್ಕಳಿಗೆ ಎಡಿಎಚ್‌ಡಿ ಇತ್ತು. ಐದರ ಮೇಲೆ ಶೇ 24 ಅಂದರೆ ಆರು. ಆ ಆರರಲ್ಲೂ ಐವರಿಗೆ ಅಮ್ಮನ ಥೈರಾಯ್ಡ್ ಸರಿ ಇದ್ದಿದ್ದರೂ ಬರುತ್ತಿತ್ತು. ನಿಮ್ಮ ಮಗನಿಗೆ ಎಡಿಎಚ್‌ಡಿ ಇದೆ ಅಂತಲೇ ಆದರೂ ಅವನು ಆ ಐವರಲ್ಲಿ ಒಬ್ಬನೋ ಆರನೆಯವನೋ ಅಂತ ಹೇಳುವ ರಕ್ತಪರೀಕ್ಷೆಯಾಗಲೀ ಸ್ಕ್ಯಾನ್ ಆಗಲೀ ಇಲ್ಲ. ಪಿಸಿಒಡಿ ಕುರಿತು ಸ್ವೀಡನ್ನಿನಲ್ಲಿ 2017ರಲ್ಲಿ ಬಂದ ಶೇ 42ರ ಅಂಕಿಯನ್ನೂ ಹೀಗೇ ಬಿಡಿಸಿ ಓದಬೇಕು.

ಇನ್ನೊಂದು ತೊಡಕಿದೆ. ಒಟ್ಟಿಗೆ ಕಾಣಿಸುವುದೆಲ್ಲ ಒಂದರಿಂದ ಇನ್ನೊಂದು ಆದದ್ದಲ್ಲ. ಬಸುರಿಯರು ಪ್ಯಾರಾಸಿಟಮಾಲ್ ತಗೊಂಡರೆ ಮಕ್ಕಳಿಗೆ ಆಟಿಸಂ, ಎಡಿಎಚ್‌ಡಿ ಬರುತ್ತದೆ ಅನ್ನುವ ಗುಲ್ಲು ಕೇಳಿರುತ್ತೀರಿ. 2024ರಲ್ಲಿ ಸ್ವೀಡನ್ನಿನವರು ಸುಮಾರು 24.8 ಲಕ್ಷ ಮಕ್ಕಳ ದಾಖಲೆ ಹಿಡಿದು ಒಂದು ಜಾಣ ಕೆಲಸ ಮಾಡಿದರು: ಒಂದೇ ತಾಯಿಯ ಇಬ್ಬರು ಮಕ್ಕಳನ್ನು ಹೋಲಿಸಿದರು, ಒಬ್ಬನ ಬಸುರಿನಲ್ಲಿ ಮಾತ್ರೆ ತಗೊಂಡಿದ್ದು, ಇನ್ನೊಬ್ಬನದರಲ್ಲಿ ಇಲ್ಲ. ಹಾಗೆ ನೋಡಿದಾಗ ನಂಟು ಮಾಯವಾಯಿತು. ಆ ಮನೆಗಳಲ್ಲಿ ಮೊದಲಿನಿಂದ ಇದ್ದ ಬೇರೇನೋ ಮಾತ್ರೆಯ ಹೆಸರಿನಲ್ಲಿ ಕಾಣಿಸಿಕೊಂಡಿತ್ತು ಅಂತಾಯಿತು.

ಆ ಬೇರೇನೋದರಲ್ಲಿ ಮುಖ್ಯವಾದದ್ದು ವಂಶ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಎಡಿಎಚ್‌ಡಿ ಒಬ್ಬರಲ್ಲಿದ್ದು ಒಬ್ಬರಲ್ಲಿಲ್ಲದಿರುವ ವ್ಯತ್ಯಾಸದಲ್ಲಿ ಶೇ 70ಕ್ಕೂ ಹೆಚ್ಚು ಪಾಲು ವಂಶವಾಹಿಗಳದ್ದು. ಎತ್ತರದಷ್ಟಲ್ಲದಿದ್ದರೂ ಅದರ ಹತ್ತಿರಹತ್ತಿರಕ್ಕೆ ಬರುತ್ತದೆ. ನಿಮ್ಮ ಅತ್ತೆಯವರನ್ನು ಒಮ್ಮೆ ಕೇಳಿ ನೋಡಿ, ‘ಇವರು ಚಿಕ್ಕವರಿದ್ದಾಗ ಹೇಗಿದ್ದರು?’ ಅಂತ. ‘ಅಯ್ಯೋ, ಇವನಪ್ಪನೂ ಹೀಗೇ ಕಣಮ್ಮ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದ, ವರ್ಷಕ್ಕೆ ಮೂರು ಸ್ಲೇಟು ಒಡೀತಿದ್ದ’ ಎಂಬ ಉತ್ತರ ಎಷ್ಟು ಮನೆಗಳಲ್ಲಿ ನಗುನಗುತ್ತಾ ಬರುತ್ತದೋ! ಅಪ್ಪನ ಕಡೆಯಿಂದ ಬಂದರೆ ತುಂಟತನ, ಅಮ್ಮನ ಕಡೆಯಿಂದ ಬಂದರೆ ತಪ್ಪು. ಈ ತಕ್ಕಡಿ ನನಗೆ ಯಾವತ್ತೂ ಅರ್ಥವಾಗಿಲ್ಲ.

‘ಮಾತ್ರೆ ಇನ್ನೂ ಮುಂಚೆ ಶುರು ಮಾಡಿದ್ದರೆ?’ ಅನ್ನುವುದು ನಿಮ್ಮ ಮುಂದಿನ ಪ್ರಶ್ನೆಯಾಗಿರುತ್ತದೆ. ಬ್ರಿಟನ್ ಮತ್ತು ಇಟಲಿಯಲ್ಲಿ ಸುಮಾರು 22 ಸಾವಿರ ಗರ್ಭಿಣಿಯರನ್ನು ಸೇರಿಸಿಕೊಂಡ ಪ್ರಯೋಗದ ಫಲಿತಾಂಶ 2012ರಲ್ಲಿ ಬಂತು. ಸೌಮ್ಯ ಕೊರತೆ ಇದ್ದವರಿಗೆ 13ನೇ ವಾರದ ಸುಮಾರಿಗೆ ಮಾತ್ರೆ ಕೊಟ್ಟರೂ ಕೊಡದಿದ್ದರೂ ಮೂರು ವರ್ಷದ ಮಕ್ಕಳ ಐಕ್ಯೂನಲ್ಲಿ ವ್ಯತ್ಯಾಸ ಕಾಣಲಿಲ್ಲ. 2017ರ ಅಮೆರಿಕದ ಪ್ರಯೋಗದಲ್ಲಿ ಐದು ವರ್ಷದವರೆಗೂ ಅದೇ ಕಥೆ. ಎರಡರಲ್ಲೂ ಮಾತ್ರೆ ಶುರುವಾದದ್ದು ತಡವಾಗಿ ಅನ್ನುವ ತಕರಾರು ಇದ್ದೇ ಇದೆ, ಆ ತಕರಾರಿನಲ್ಲಿ ಹುರುಳೂ ಇದೆ. ಆದರೆ ಸ್ಪಷ್ಟವಾದ, ಚಿಕಿತ್ಸೆಯಿಲ್ಲದ ಥೈರಾಯ್ಡ್ ಕೊರತೆ ಬೇರೆ, ಟಿಎಸ್‌ಎಚ್ ಗೆರೆಗಿಂತ ಸ್ವಲ್ಪ ಮೇಲಿರುವುದು ಬೇರೆ. ಮೊದಲನೆಯದಕ್ಕೆ ಚಿಕಿತ್ಸೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮಲ್ಲಿ ಹೆಚ್ಚಿನವರದ್ದು ಎರಡನೆಯದು.

ಇನ್ನು ಮಗನ ವಿಷಯ, ಅಸಲಿಗೆ ಸಮಯ ಹಾಕಬೇಕಾದದ್ದು ಇಲ್ಲಿ. ಮಿಸ್ ಹೇಳಿದ್ದು ಸುಳಿವು, ರೋಗನಿರ್ಣಯ ಅಲ್ಲ. ಎಡಿಎಚ್‌ಡಿ ಅನ್ನಬೇಕಾದರೆ ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಬೇಕು, ವಯಸ್ಸಿಗೆ ಮೀರಿದ್ದಾಗಿರಬೇಕು, ಮಗುವಿನ ಕಲಿಕೆಗೋ ಒಡನಾಟಕ್ಕೋ ಅಡ್ಡಿ ಮಾಡುತ್ತಿರಬೇಕು. ಶಾಲೆಯಲ್ಲಿ ಮಾತ್ರ ಇದ್ದರೆ ಶಾಲೆಯನ್ನೂ ಒಮ್ಮೆ ನೋಡಬೇಕಾಗುತ್ತದೆ: ಮೂವತ್ತೈದು ಮಕ್ಕಳು, ಒಂದು ಕೋಣೆ, ಐದನೇ ವರ್ಷಕ್ಕೇ ಕಾಪಿ ರೈಟಿಂಗ್. ಅವನು ತರಗತಿಯಲ್ಲೇ ಚಿಕ್ಕವನಾ ಅಂತಲೂ ವಿಚಾರಿಸಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದಾಗ, ಅದೇ ತರಗತಿಯ ಜನವರಿಯಲ್ಲಿ ಹುಟ್ಟಿದ ಹುಡುಗರಿಗಿಂತ ಡಿಸೆಂಬರಿನಲ್ಲಿ ಹುಟ್ಟಿದವರಿಗೆ ಎಡಿಎಚ್‌ಡಿ ಹಣೆಪಟ್ಟಿ ಬೀಳುವುದು ಶೇ 30ರಷ್ಟು ಹೆಚ್ಚು ಎಂದು 2012ರಲ್ಲಿ ಗೊತ್ತಾಯಿತು. ಅಲ್ಲಿ ಶಾಲೆಗೆ ಸೇರಿಸುವ ಗಡುವು ಡಿಸೆಂಬರ್ ಕೊನೆ. ಅಂದರೆ ಹನ್ನೊಂದು ತಿಂಗಳ ಎಳಸುತನವೂ ಕಾಯಿಲೆಯಂತೆ ಕಾಣಬಹುದು. ಒಂದನೇ ತರಗತಿಗೆ ಆರು ತುಂಬಿರಬೇಕಾ ಬೇಡವಾ ಅಂತ ನಮ್ಮಲ್ಲೂ ಜಗ್ಗಾಟ ನಡೆಯುತ್ತದಲ್ಲ, ಆಗೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಕಿವಿ ಪರೀಕ್ಷೆ ಮಾಡಿಸಿ. ಪದೇಪದೇ ನೆಗಡಿಯಾಗಿ ಕಿವಿಯೊಳಗೆ ನೀರು ನಿಂತ ಮಗು ‘ಹೇಳಿದ ಮಾತು ಕೇಳದ’ ಮಗುವಿನ ಹಾಗೇ ಕಾಣುತ್ತದೆ. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾನಾ ನೋಡಿ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ನಿದ್ದೆಗೆಟ್ಟ ಮಕ್ಕಳು ಕುಣಿಯುತ್ತಾರೆ. ರಕ್ತಹೀನತೆ ಇದೆಯಾ ಅಂತಲೂ ನೋಡಿಸಿ. ಇಷ್ಟಾದ ಮೇಲೂ ಎಡಿಎಚ್‌ಡಿ ಅಂತಲೇ ತೀರ್ಮಾನವಾದರೆ, ಆರು ತುಂಬದ ಮಕ್ಕಳಿಗೆ ಮೊದಲ ಚಿಕಿತ್ಸೆ ಔಷಧಿಯಲ್ಲ, ಅಪ್ಪ ಅಮ್ಮನಿಗೆ ಕೊಡುವ ತರಬೇತಿ. ‘ಶೂ ಹಾಕ್ಕೋ, ಬ್ಯಾಗ್ ತಗೋ, ನೀರಿನ ಬಾಟಲಿ ಮರೀಬೇಡ, ಬೇಗ ಬಾ’ ಅಂತ ಒಂದೇ ಉಸಿರಿಗೆ ಹೇಳುವ ಬದಲು, ಹತ್ತಿರ ಹೋಗಿ, ಭುಜ ಮುಟ್ಟಿ, ‘ಶೂ’ ಅಂತ ಒಂದೇ ಮಾತು ಹೇಳುವುದು. ಹಾಕಿಕೊಂಡ ತಕ್ಷಣ ಮೆಚ್ಚಿ, ಆಮೇಲೆ ಬ್ಯಾಗು. ಹೇಳಲು ಸುಲಭ, ಬೆಳಿಗ್ಗೆ ಎಂಟು ಗಂಟೆಗೆ ಮಾಡಲು ಕಷ್ಟ. ಅದಕ್ಕೇ ತರಬೇತಿ.

ಇನ್ನೊಂದು ಮಗುವಿನ ಯೋಚನೆ ಇದ್ದರೆ ನಿಮ್ಮ ಥೈರಾಯ್ಡ್ ಮುಖ್ಯವಾಗುವುದು ಆಗ. ಗರ್ಭ ನಿಲ್ಲುವ ಮುಂಚೆಯೇ ಟಿಎಸ್‌ಎಚ್ ಹತೋಟಿಗೆ ತಂದುಕೊಳ್ಳಿ. ಮುಟ್ಟು ತಪ್ಪಿ ಟೆಸ್ಟ್ ಪಾಸಿಟಿವ್ ಬಂದ ವಾರವೇ ಡಾಕ್ಟರಿಗೆ ಹೇಳಿ, ಮಾತ್ರೆಯ ಪ್ರಮಾಣ ಏರಿಸಬೇಕಾಗುವುದು ಸಾಮಾನ್ಯ. ಮೊದಲಾರ್ಧದಲ್ಲಿ ನಾಲ್ಕು ವಾರಕ್ಕೊಮ್ಮೆ ರಕ್ತಪರೀಕ್ಷೆ. ಮಾತ್ರೆ ಬೆಳಗ್ಗೆ ಬರೀ ಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿ ಅರ್ಧ ಮುಕ್ಕಾಲು ಗಂಟೆ ಕಾಯಲಿ. ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನು ಇದರ ಜೊತೆ ನುಂಗಿದರೆ ಅವು ಥೈರಾಕ್ಸಿನ್ನನ್ನು ಕರುಳಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ನಾಲ್ಕು ಗಂಟೆ ಅಂತರವಿರಲಿ. ನಾನೇ ಮೂರೂ ಮಾತ್ರೆಯನ್ನು ಒಂದೇ ಮುಷ್ಟಿಯಲ್ಲಿ ನುಂಗುತ್ತಿದ್ದೆ, ‘ಡೋಸ್ ಏರಿಸಿದರೂ ಟಿಎಸ್‌ಎಚ್ ಯಾಕೆ ಇಳೀತಿಲ್ಲ’ ಅಂತ ತಲೆ ಕೆಡಿಸಿಕೊಂಡ ಮೇಲೆ ಬುದ್ಧಿ ಬಂತು.

ಉಪ್ಪಿನ ವಿಷಯವೂ ಇದೆ. ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು, ಉಳಿದ ದೊಡ್ಡವರಿಗೆ 150 ಸಾಕು. ಗಳಗಂಡ ತಡೆಯಲು ದೇಶದಲ್ಲಿ 1962ರಲ್ಲೇ ಶುರುವಾದ ಕಾರ್ಯಕ್ರಮದ ಫಲವಾಗಿ ಪ್ಯಾಕೆಟ್ ಉಪ್ಪಿನಲ್ಲಿ ಅದು ಸಿಗುತ್ತದೆ. ಈಗ ಆರೋಗ್ಯದ ಹೆಸರಿನಲ್ಲಿ ಅಡುಗೆಮನೆಗೆ ಬರುತ್ತಿರುವ ಗುಲಾಬಿ ಸೈಂಧವ ಲವಣದಲ್ಲಿ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ. ಹಬ್ಬದ ಉಪವಾಸಕ್ಕೆ ಬಳಸಿ, ಬಸುರಿನ ಒಂಬತ್ತು ತಿಂಗಳೂ ಅದನ್ನೇ ನೆಚ್ಚಿಕೊಳ್ಳಬೇಡಿ.

ಮಗನನ್ನು ತೋರಿಸಲು ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಪತ್ತೆಹಚ್ಚಿ ನೆರವಾಗುವ ಡಿಇಐಸಿ ಕೇಂದ್ರ ಇದೆ, ಬೆಂಗಳೂರಿನವರಾದರೆ ನಿಮ್ಹಾನ್ಸ್‌ನ ಮಕ್ಕಳ ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಹೋಗುವಾಗ ಮಿಸ್ ಕೈಲಿ ಅರ್ಧ ಪುಟ ಬರೆಸಿಕೊಳ್ಳಿ, ಅವನು ಏನು ಮಾಡುತ್ತಾನೆ, ಯಾವ ಹೊತ್ತಿನಲ್ಲಿ ಅಂತ. ತಾಯಿ ಕಾರ್ಡನ್ನೂ ಹಿಡಿದುಕೊಳ್ಳಿ. ನೀವು ಬೆರಳಿಟ್ಟು ತೋರಿಸುವುದು ಟಿಎಸ್‌ಎಚ್ ಬರೆದ ಸಾಲನ್ನು, ಆದರೆ ಡಾಕ್ಟರು ಮೊದಲು ಹುಡುಕುವುದು ಎಷ್ಟನೇ ವಾರಕ್ಕೆ ಹೆರಿಗೆಯಾಯಿತು, ಹುಟ್ಟಿದಾಗ ತೂಕ ಎಷ್ಟಿತ್ತು ಅನ್ನುವುದನ್ನು. ತೀರಾ ಬೇಗ ಹುಟ್ಟಿದ, ತೂಕ ಕಮ್ಮಿಯಿದ್ದ ಮಕ್ಕಳಲ್ಲಿ ಎಡಿಎಚ್‌ಡಿ ಸಂಭವ ಥೈರಾಯ್ಡ್‌ನ ಆ ಶೇ 24ಕ್ಕಿಂತ ಎಷ್ಟೋ ಹೆಚ್ಚು.